ಒಂದು ಸಲಕ್ಕೆ ಒಂದೇ ಮಾತು: ಪುಟ್ಟ ಮಕ್ಕಳಿಗೆ ಹೇಳಿದ್ದು ಮಾಡಲು ಮನೆಯಲ್ಲೇ ಕಲಿಸುವುದು ಹೇಗೆ

"ಎಷ್ಟು ಸಲ ಹೇಳಿದರೂ ಕೇಳಲ್ಲ ಇವನು."

ಒಂದೂವರೆ ಎರಡು ವರ್ಷದ ಮಗು ಇರುವ ಯಾವ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ನಮ್ಮ ಮನೆಯಲ್ಲೂ ಇತ್ತು. ನಾವಿರುವುದು ಮಂಡ್ಯದಲ್ಲಿ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ದೊಡ್ಡವಳಿಗೆ ಈಗ 7 ವರ್ಷ, ಚಿಕ್ಕವನಿಗೆ ಎರಡು ವರ್ಷ ಎಂಟು ತಿಂಗಳು. ದೊಡ್ಡವಳು ಪುಟ್ಟವಳಿದ್ದಾಗ ನಾನು ಒಲೆ ಮುಂದೆ ನಿಂತುಕೊಂಡೇ "ಬಾ, ಊಟಕ್ಕೆ ಬಾ, ಬಂದ್ಯಾ, ಬಾ ಅಂದ್ನಲ್ಲ" ಅಂತ ಕೂಗುತ್ತಿದ್ದೆ. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅವಳು ಅಳುತ್ತಿದ್ದಳು, ಊಟ ತಣ್ಣಗಾಗುತ್ತಿತ್ತು. ಚಿಕ್ಕವನ ಹೊತ್ತಿಗೆ ಒಂದಷ್ಟು ಓದಿಕೊಂಡೆ, ಮಕ್ಕಳ ಡಾಕ್ಟರನ್ನು ಕೇಳಿಕೊಂಡೆ, ಮನೆಯಲ್ಲಿ ದಿನಾ ಮಾಡಿ ನೋಡಿದೆ. ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ "ಕೇಳು" ಅನ್ನುವ ಒಂದೇ ಪದಕ್ಕೆ ಕಿವಿಗೆ ಬೀಳುವುದು ಅಂತಲೂ ಅರ್ಥ, ಹೇಳಿದ ಹಾಗೆ ನಡೆಯುವುದು ಅಂತಲೂ ಅರ್ಥ. ನಮಗೆ ಇವೆರಡೂ ಒಂದೇ ಆಗಿಹೋಗಿದೆ. ಮಗುವಿಗೆ ಮಾತ್ರ ಇವೆರಡರ ಮಧ್ಯೆ ನಾಲ್ಕೈದು ಮೆಟ್ಟಿಲು ಇದೆ. ಮಾತು ಕಿವಿಗೆ ಬೀಳಬೇಕು, ಅದು ತನಗೇ ಹೇಳಿದ್ದು ಅಂತ ತಿಳಿಯಬೇಕು, ಪದದ ಅರ್ಥ ಹೊಳೆಯಬೇಕು, ಕೈಯಲ್ಲಿರುವ ಆಟ ಬಿಡಬೇಕು, ಆಮೇಲೆ ಕಾಲು ಆ ಕಡೆ ಹೊರಡಬೇಕು. ಇದರಲ್ಲಿ ಯಾವ ಮೆಟ್ಟಿಲಲ್ಲಿ ಮಗು ನಿಂತುಹೋದರೂ ನಮಗೆ ಹೊರಗಿನಿಂದ ಒಂದೇ ಥರ ಕಾಣುತ್ತದೆ. "ಕೇಳಲ್ಲ" ಅಂದುಬಿಡುತ್ತೇವೆ. ಎಲ್ಲಿ ನಿಂತಿದೆ ಅಂತ ನೋಡಿ ಅಲ್ಲಿ ಕೈ ಹಿಡಿದರೆ ಸಾಕು, ಮುಂದಿನ ಮೆಟ್ಟಿಲು ಅದೇ ಹತ್ತುತ್ತದೆ.

ಮೊದಲು ಕಿವಿ ನೋಡಿಕೊಳ್ಳಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ನಮ್ಮ ಚಿಕ್ಕವನಿಗೆ ಒಂದು ವರ್ಷ ಐದು ತಿಂಗಳಿದ್ದಾಗ ಶೀತ ಬಿಟ್ಟೂ ಬಿಟ್ಟೂ ಬರುತ್ತಿತ್ತು. ಆ ಹೊತ್ತಿನಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮುಂದೆ ಹೋಗಿ ಕರೆದರೆ ನಗುತ್ತಾ ಬರುತ್ತಿದ್ದ. ಹಠ ಕಲಿಯುತ್ತಿದ್ದಾನೆ ಅಂತ ಮನೆಯವರೆಲ್ಲ ಅಂದುಕೊಂಡೆವು, ಒಂದೆರಡು ಸಲ ಗದರಿದ್ದೂ ಆಯಿತು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಾಗ ಗೊತ್ತಾಯಿತು, ಕಿವಿತಮಟೆಯ ಹಿಂದೆ ನೀರು ಕಟ್ಟಿಕೊಂಡಿತ್ತು. ನೀರು ಕಟ್ಟಿಕೊಂಡಾಗ ಮಾತು ಮಂಕಾಗಿ ಕೇಳುತ್ತದೆ, ಕಿವಿಗೆ ಹತ್ತಿ ಇಟ್ಟುಕೊಂಡ ಹಾಗೆ. ಪಾಪ, ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಗದರಿದ್ದು ಈಗಲೂ ನೆನಪಾಗಿ ಸಂಕಟ ಆಗುತ್ತದೆ.

ಹಾಗಾಗಿ ಮಗು ಆಟದಲ್ಲಿ ಇದ್ದಾಗ, ನಿಮ್ಮ ನೆರಳೂ ಕಾಣದ ಹಾಗೆ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಪದೇ ಪದೇ ತಿರುಗದಿದ್ದರೆ, ಶೀತ ಆದಾಗಲೆಲ್ಲ ಹೀಗಾದರೆ, ಟಿವಿಗೆ ಹತ್ತಿರ ಹತ್ತಿರ ಹೋಗಿ ನಿಂತರೆ ಡಾಕ್ಟರ ಹತ್ತಿರ ಹೋಗಿ. ಇನ್ನು ಮನೆಯಲ್ಲಿ ನಾವು ನೋಡಿ "ಕಿವಿ ಸರಿ ಇದೆ" ಅಂತ ತೀರ್ಮಾನ ಮಾಡುವುದೂ ಬೇಡ. ಪರೀಕ್ಷೆ ಮಾಡಿಸಬೇಕು ಅನ್ನಿಸಿದರೆ ನಮ್ಮ ಕಡೆಯವರ ಭಾಗ್ಯ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮಂಡ್ಯದಿಂದ ಹೆಚ್ಚು ಕಡಿಮೆ ಒಂದು ಗಂಟೆ ದಾರಿ. ಮಾತೇ ಬಾರದ ಮಗುವಿನ ಕಿವಿಯನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ಅತ್ತೆ ಕೇಳಿದ್ದರು. ಮಗು ಮಲಗಿದ್ದಾಗಲೇ ಮಾಡುವ ಪರೀಕ್ಷೆಗಳಿವೆ, ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ನೋಡುವ 'ಬೇರಾ' (BERA) ಪರೀಕ್ಷೆಯಂಥವು, ನೋವೇನೂ ಇರುವುದಿಲ್ಲ.

ಯಾವ ವಯಸ್ಸಿಗೆ ಎಷ್ಟು ನಿರೀಕ್ಷೆ ಮಾಡಬಹುದು

ಪಕ್ಕದ ಮನೆ ಮಗುವಿಗೆ ಹೋಲಿಸುವುದು ಬೇಡ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಒಂದು ಪಟ್ಟಿ ಇದೆ. ನೂರರಲ್ಲಿ 75 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಯಾವ ವಯಸ್ಸಿಗೆ ಏನು ಮಾಡುತ್ತಾರೆ ಅನ್ನುವುದನ್ನು ಅದರಲ್ಲಿ ಹಾಕಿದ್ದಾರೆ. ಅದರ ಪ್ರಕಾರ ಒಂದು ವರ್ಷದ ಹೊತ್ತಿಗೆ "ಬೇಡ" ಅಂದರೆ ಮಗು ಒಂದು ಕ್ಷಣ ತಡೆಯುತ್ತದೆ. ಒಂದೇ ಕ್ಷಣ, ಆಮೇಲೆ ಮತ್ತೆ ಅದನ್ನೇ ಮಾಡಬಹುದು. 15 ತಿಂಗಳಿಗೆ ನೀವು ಕೈ ಚಾಚಿಕೊಂಡು "ಕೊಡು" ಅಂದರೆ ಕೊಡುತ್ತದೆ. ಅಂದರೆ ಮಾತಿನ ಜೊತೆ ಕೈಸನ್ನೆಯೂ ಬೇಕು. ಒಂದೂವರೆ ವರ್ಷಕ್ಕೆ ಕೈ ಚಾಚದೆ ಬರೀ "ಕೊಡು" ಅಂದರೂ ತಿಳಿಯುತ್ತದೆ. ಎರಡೂವರೆ ವರ್ಷಕ್ಕೆ ಎರಡು ಕೆಲಸ ಸೇರಿಸಿ ಹೇಳಿದರೆ, ಆಟದ ಸಾಮಾನು ಕೆಳಗಿಟ್ಟು ಬಾಗಿಲು ಹಾಕು ಅನ್ನುವಂಥದ್ದು, ಮಾಡುತ್ತದೆ.

ಇದನ್ನು ಓದಿದಾಗ ನನಗೆ ಎದೆ ಮೇಲಿನ ಭಾರ ಇಳಿದ ಹಾಗಾಯಿತು. ಒಂದೂಕಾಲು ವರ್ಷದ ಮಗುವಿಗೆ ನಾನು ನಾಲ್ಕು ಕೆಲಸ ಒಟ್ಟಿಗೆ ಹೇಳುತ್ತಿದ್ದೆನಲ್ಲ!

ಒಂದು ವರ್ಷ ಆದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷ ದಾಟಿದರೂ "ಕೊಡು, ಬಾ" ಅನ್ನುವಂಥ ದಿನನಿತ್ಯದ ಮಾತು ತಿಳಿಯದಿದ್ದರೆ ಕಾಯುತ್ತಾ ಕೂರಬೇಡಿ. ಮೊದಲು ಮಾಡುತ್ತಿದ್ದದ್ದನ್ನು ಈಗ ಬಿಟ್ಟುಬಿಟ್ಟಿದೆ ಅನ್ನಿಸಿದರಂತೂ ಆ ವಾರವೇ ತೋರಿಸಿ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ತೋರಿಸಿಕೊಂಡು ಬಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಖರ್ಚಿನ ಚಿಂತೆ ಇದ್ದರೆ ಅಂಗನವಾಡಿಯಲ್ಲಿ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ, ಬೆಳವಣಿಗೆಯಲ್ಲಿ ತಡ ಆಗಿದೆಯಾ ಅಂತಲೂ ನೋಡುತ್ತದೆ.

ಹೇಳುವ ಬಗೆ

ಹತ್ತಿರ ಹೋಗಿ. ಇದೊಂದು ಬದಲಾದರೆ ಅರ್ಧ ಕೆಲಸ ಆದ ಹಾಗೆ. ಅಡುಗೆಮನೆಯಿಂದ ಹಾಲ್‌ಗೆ ಕೂಗಿ ಹೇಳುವ ಮಾತು ಮಗುವಿಗೆ ಕುಕ್ಕರ್ ಸೀಟಿ, ಬೀದಿಯಲ್ಲಿ ಹೋಗುವ ಸೊಪ್ಪಿನವರ ಕೂಗು, ಟಿವಿ ಸದ್ದು ಇವುಗಳ ಜೊತೆ ಇನ್ನೊಂದು ಸದ್ದು ಅಷ್ಟೆ. ಹೋಗಿ, ಕುಕ್ಕುರುಗಾಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಹೆಸರು ಕರೆಯಿರಿ. ಬೆನ್ನ ಮೇಲೋ ತೋಳಿನ ಮೇಲೋ ಮೆಲ್ಲಗೆ ಕೈ ಇಡಿ. ಅದು ನಿಮ್ಮ ಕಡೆ ನೋಡಿದ ಮೇಲೆ ಬಾಯಿ ತೆಗೆಯಿರಿ. ನೋಡುವುದಕ್ಕೆ ಮುಂಚೆ ಹೇಳಿದ್ದೆಲ್ಲ ಗಾಳಿಗೆ ಹೋಗುತ್ತದೆ.

ಟಿವಿ ಆರಿಸಿ. ಯಾರೂ ನೋಡದೆ ಸುಮ್ನೆ ಓಡುತ್ತಿರುವ ಟಿವಿ ಕೂಡ ಮಗುವಿನ ಗಮನ ಕೀಳುತ್ತಲೇ ಇರುತ್ತದೆ, ಅದು ಓಡುತ್ತಿದ್ದರೆ ನಾವೂ ಮಗುವಿನ ಜೊತೆ ಕಡಿಮೆ ಮಾತಾಡುತ್ತೇವೆ. ಮೊಬೈಲ್ ವಿಷಯವೂ ಅಷ್ಟೇ. ಭಾರತೀಯ ಮಕ್ಕಳ ವೈದ್ಯರ ಸಂಘ, ಅಂದರೆ ಐಎಪಿ, 2021ರಲ್ಲಿ ಹೇಳಿರುವುದು ಸ್ಪಷ್ಟ ಇದೆ: ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ಐದು ವರ್ಷಕ್ಕೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ. ಮೊಬೈಲ್ "ಬಾ" ಅಂತ ಹೇಳಿ ಮಗು ಬಂತಾ ಇಲ್ಲವಾ ಅಂತ ಕಾಯುವುದಿಲ್ಲವಲ್ಲ. ಕಾದು ನೋಡುವುದಕ್ಕೆ ಮನುಷ್ಯರೇ ಬೇಕು.

ಒಂದೇ ಕೆಲಸ ಹೇಳಿ, ಎರಡು ಮೂರು ಪದದಲ್ಲಿ. "ಲೋಟ ಕೊಡು." "ಇಲ್ಲಿ ಬಾ." "ಚೆಂಡು ಬುಟ್ಟಿಗೆ ಹಾಕು." ಬೇಕಾದರೆ ಬೆರಳು ತೋರಿಸಿ, ಕೈ ಚಾಚಿ. ಸನ್ನೆ ಮಾಡಿದರೆ ಮಗು ಮಾತು ಕಲಿಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಸನ್ನೆ ಹಿಡಿದುಕೊಂಡೇ ಮಗು ಪದಕ್ಕೆ ಬರುವುದು. ನಾಲ್ಕು ದಿನ ಕೈ ಚಾಚಿ "ಕೊಡು" ಅನ್ನಿ, ಆಮೇಲೆ ಒಂದು ದಿನ ಕೈ ಚಾಚದೆ ಅಂದು ನೋಡಿ.

ಹೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಒಂದರಿಂದ ಐದು ನಿಧಾನವಾಗಿ ಎಣಿಸಿ. ಇದು ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ಐದು ಎಣಿಸುವಷ್ಟರಲ್ಲಿ ನಮ್ಮ ಬಾಯಿ ಇನ್ನೂ ಮೂರು ಸಲ "ಕೊಡು ಮಗಾ, ಕೊಡು ನೋಡಾಣ, ಕೊಡಪ್ಪ" ಅಂದಿರುತ್ತದೆ. ಮಗು ಮೊದಲನೆಯ "ಕೊಡು" ಅರ್ಥ ಮಾಡಿಕೊಂಡು ಕೈ ಎತ್ತುವ ಹೊತ್ತಿಗೆ ಎರಡನೆಯದು ಬಂದು ಅದನ್ನು ಅಳಿಸಿಬಿಡುತ್ತದೆ. ಐದು ಎಣಿಸಿದರೂ ಆಗಲಿಲ್ಲವಾ, ಇನ್ನೊಂದೇ ಸಲ ಹೇಳಿ, ಹೇಳುತ್ತಲೇ ಕೈ ಹಿಡಿದು ಜೊತೆಯಲ್ಲೇ ಮಾಡಿಸಿ. ಎಳೆಯಬೇಡಿ, ಜೊತೆಯಾಗಿ. ಲೋಟ ಹಿಡಿದ ಅದರ ಪುಟ್ಟ ಕೈ ಕೆಳಗೆ ನಿಮ್ಮ ಕೈ ಇಟ್ಟು ನಿಮ್ಮ ಕಡೆ ತಂದುಕೊಳ್ಳಿ, "ಕೊಟ್ಟೆ!" ಅನ್ನಿ. ಹೇಳಿದ ಮಾತು ಅರ್ಧಕ್ಕೇ ಬಿದ್ದುಹೋಗಬಾರದು. ಹಾಗಾಗಿ ಎದ್ದು ಹೋಗಿ ಮಾಡಿಸುವಷ್ಟು ಪುರುಸೊತ್ತು ಇಲ್ಲದಾಗ ಹೇಳದಿರುವುದೇ ವಾಸಿ.

ನಮ್ಮ ಮನೆಯಲ್ಲಿ ಇದು ಕೈಗೂಡಿದ್ದು ತಾರಸಿ ಮೇಲೆ, ಬಟ್ಟೆ ಒಣಗಿಸುವಾಗ. ಚಿಕ್ಕವನಿಗೆ ಆಗ 16 ತಿಂಗಳು, ಕಿವಿಯ ತೊಂದರೆಗೆ ಇನ್ನೂ ಮುಂಚೆ. ಕ್ಲಿಪ್ಪಿನ ಪುಟ್ಟ ಬುಟ್ಟಿ ಅವನ ಕಾಲ ಹತ್ತಿರ ಇಟ್ಟೆ. ಟವೆಲ್ ತಂತಿ ಮೇಲೆ ಹಾಕಿ ಕೆಳಗೆ ಕೈ ಚಾಚಿ "ಕ್ಲಿಪ್ ಕೊಡು" ಅಂದೆ. ಮೊದಲ ಸಲ ಬುಟ್ಟಿಯನ್ನೇ ಮಗುಚಿದ. ಎರಡನೇ ಸಲ ಒಂದು ಕ್ಲಿಪ್ ಎತ್ತಿ ಬಾಯಿಗೆ ಇಟ್ಟುಕೊಳ್ಳಲು ಹೋದ. ನಾನು ಕೂತುಕೊಂಡೆ, ಚಾಚಿದ ಕೈ ಹಾಗೇ ಇಟ್ಟುಕೊಂಡೆ, ಮಾತಾಡಲಿಲ್ಲ. ಅವನು ನನ್ನ ಅಂಗೈ ನೋಡಿದ, ಕ್ಲಿಪ್ ನೋಡಿದ, ಮತ್ತೆ ಅಂಗೈ ನೋಡಿದ. ಆಮೇಲೆ ತಂದು ಇಟ್ಟ. ಇಟ್ಟವನು ಕೈ ಬಿಡಲಿಲ್ಲ, ಹಿಡಿದುಕೊಂಡೇ ನಿಂತ, ಕೊಡುವುದು ಅಂದರೆ ಬಿಡುವುದು ಅನ್ನುವುದು ಅವನಿಗೆ ಇನ್ನೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. "ಕೊಟ್ಟೆ ನನಗೆ, ಟವೆಲ್‌ಗೆ ಹಾಕ್ತೀನಿ ನೋಡು" ಅಂದೆ. ಬೆರಳು ಸಡಿಲ ಮಾಡಿದ. ಟವೆಲ್‌ಗೆ ಕ್ಲಿಪ್ ಹಾಕಿದ್ದು ನೋಡಿ ಅವನ ಮುಖ ಅರಳಿತು, ತಾನೇ ಓಡಿಹೋಗಿ ಇನ್ನೊಂದು ತಂದ. ಆ ದಿನ ಹದಿನಾಲ್ಕು ಬಟ್ಟೆಗೆ ಅವನೇ ಕ್ಲಿಪ್ ಕೊಟ್ಟಿದ್ದು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಆಯಿತು, ಆದರೆ "ಕೊಡು" ಅನ್ನುವ ಪದ ಅವತ್ತು ಅವನಿಗೆ ಬಂತು.

ಆಟದ ಸಾಮಾನಿಗಿಂತ ಮನೆ ಕೆಲಸ ಇದಕ್ಕೆ ಒಳ್ಳೆಯದು ಅಂತ ನನ್ನ ಅನುಭವ. ಮಕ್ಕಳಿಗೆ ನಮ್ಮ ಕೆಲಸದಲ್ಲಿ ಸೇರಬೇಕು ಅಂತ ಆಸೆ ಬಹಳ. ಈರುಳ್ಳಿ ಬುಟ್ಟಿಯಿಂದ ಒಂದು ಈರುಳ್ಳಿ ತರುವುದು, ತಾತನಿಗೆ ಪೇಪರ್ ಕೊಡುವುದು, ಒಗೆಯುವ ಬಟ್ಟೆಯನ್ನು ಬಕೆಟ್‌ಗೆ ಹಾಕುವುದು, ಸ್ಟೀಲ್ ತಟ್ಟೆ ನೆಲದ ಮೇಲೆ ಇಡುವುದು. ಕ್ಲಿಪ್ಪಿನಂಥ ಸಣ್ಣ ಸಾಮಾನು ಇದ್ದಾಗ ಮಾತ್ರ ಕಣ್ಣು ತೆಗೆಯಬೇಡಿ.

"ಓಡಬೇಡ" ಅಂದರೆ ಯಾಕೆ ಇನ್ನೂ ಜೋರಾಗಿ ಓಡುತ್ತವೆ

ಕನ್ನಡದಲ್ಲಿ "ಬೇಡ" ಬರುವುದು ಕೊನೆಯಲ್ಲಿ. ಓಡ್-ಬೇಡ, ಮುಟ್ಟ್-ಬೇಡ, ಎಸೀ-ಬೇಡ. ಮೊದಲು ಕಿವಿಗೆ ಬೀಳುವುದು "ಓಡು", "ಮುಟ್ಟು". ಬಾಲದಲ್ಲಿರುವ "ಬೇಡ" ತಲೆಗೆ ಹೋಗುವಷ್ಟರಲ್ಲಿ ಕೈಕಾಲು ಹೊರಟಾಗಿರುತ್ತದೆ ಅನ್ನುವುದು ನನ್ನ ಲೆಕ್ಕ. ಅದೂ ಅಲ್ಲದೆ ಶುರು ಮಾಡಿದ ಕೆಲಸವನ್ನು ನಡುವೆ ತಡೆಯುವ ಶಕ್ತಿ ಈ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ, ಅದು ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಇನ್ನೊಂದು, "ಬೇಡ" ಅಂದರೆ ಏನು ಬೇಡ ಅಂತ ಗೊತ್ತಾಗುತ್ತದೆ, ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಅದಕ್ಕೇ ಬೇಕಾದ್ದನ್ನೇ ಹೇಳಿ. "ಓಡಬೇಡ" ಬದಲು "ಮೆಲ್ಲಗೆ ನಡಿ". "ಚೆಲ್ಲಬೇಡ" ಬದಲು "ಎರಡೂ ಕೈಲಿ ಹಿಡ್ಕೋ". "ಬೆಕ್ಕಿಗೆ ಹೊಡೀಬೇಡ" ಬದಲು "ಮೆಲ್ಲಗೆ ಸವರು", ಹೇಳುತ್ತಾ ಅದರ ಕೈ ಹಿಡಿದು ಸವರಿ ತೋರಿಸಿ. "ಕಿರುಚಬೇಡ" ಬದಲು ನೀವೇ ಪಿಸುಮಾತಿನಲ್ಲಿ "ಹೀಗೆ ಮಾತಾಡು" ಅನ್ನಿ. "ಬೇಡ" ಅನ್ನುವ ಪದವನ್ನು ಒಲೆ, ಪ್ಲಗ್, ಚಾಕು, ರಸ್ತೆ ಇಂಥವಕ್ಕೆ ಮೀಸಲಿಟ್ಟರೆ ಅದಕ್ಕೆ ತೂಕ ಬರುತ್ತದೆ. ದಿನಕ್ಕೆ ನೂರು ಸಲ ಅಂದರೆ ಅದೂ ಫ್ಯಾನ್ ಸದ್ದಿನ ಹಾಗೆ ಆಗಿಬಿಡುತ್ತದೆ, ಅಲ್ವಾ?

ಕನ್ನಡದ್ದೇ ಇನ್ನೊಂದು ವಿಷಯ. "ಚಪ್ಪಲಿ ಬಿಟ್ಟು, ಕೈಕಾಲು ತೊಳ್ಕೊಂಡು, ಒರೆಸ್ಕೊಂಡು ಬಂದು ಊಟಕ್ಕೆ ಕೂತ್ಕೋ." ನಮಗೆ ಇದು ಒಂದೇ ಮಾತು, ಒಂದೇ ಉಸಿರು. ಎಣಿಸಿ ನೋಡಿ, ಐದು ಕೆಲಸ ಇದೆ. ಬಿಟ್ಟು, ತೊಳೆದು, ಒರೆಸಿ, ಬಂದು ಅಂತ ಪೋಣಿಸಿಕೊಂಡು ಹೋಗುವುದು ನಮ್ಮ ಭಾಷೆಗೆ ಸಲೀಸು. ಮಗುವಿಗೆ ಕಿವಿಯಲ್ಲಿ ನಿಲ್ಲುವುದು ಕೊನೆಯ "ಕೂತ್ಕೋ" ಒಂದೇ, ಅದು ಚಪ್ಪಲಿ ಹಾಕಿಕೊಂಡೇ ಹೊಸಿಲ ಮೇಲೆ ಕೂತುಬಿಡುತ್ತದೆ. ಹೇಳಿದ್ದು ಮಾಡಿದೆ, ನಾವು ಬೈಯುತ್ತೇವೆ! ಆ ಸರವನ್ನು ಬಿಡಿಸಿ. "ಚಪ್ಪಲಿ ಬಿಡು." ಬಿಟ್ಟ ಮೇಲೆ, "ಬಾ, ಕೈ ತೊಳೆಯೋಣ." ತೊಳೆದ ಮೇಲೆ ಮುಂದಿನದು.

ಹಾಗೇ, ಪ್ರಶ್ನೆ ಕೇಳಿ ಸಿಕ್ಕಿಹಾಕಿಕೊಳ್ಳಬೇಡಿ. "ಸ್ನಾನ ಮಾಡೋಣ್ವಾ ಬಂಗಾರ?" ಅಂದರೆ ಮಗು "ಬೇಡ" ಅನ್ನುತ್ತದೆ. ನೀವು ಕೇಳಿದಿರಿ, ಅದು ಉತ್ತರ ಕೊಟ್ಟಿತು. ಆಮೇಲೆ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿದರೆ ತನ್ನ ಮಾತಿಗೆ ಬೆಲೆ ಇಲ್ಲ ಅಂತ ಅನ್ನಿಸುವುದಿಲ್ಲವಾ? ಮಾಡಲೇಬೇಕಾದ್ದನ್ನು ಪ್ರೀತಿಯಿಂದ, ಆದರೆ ಹೇಳಿಕೆಯ ಥರವೇ ಹೇಳಿ: "ಈಗ ಸ್ನಾನ." ಆಯ್ಕೆ ಬೇರೆ ಕಡೆ ಕೊಡಿ. "ಕೆಂಪು ಚೊಂಬಾ, ನೀಲಿ ಚೊಂಬಾ?" ಈ ಒಂದು ಆಯ್ಕೆಯಿಂದ ನಮ್ಮ ಮನೆಯ ಸ್ನಾನದ ರಂಪ ಮುಕ್ಕಾಲು ಪಾಲು ಕಡಿಮೆ ಆಯಿತು.

ಪದ ಒಂದೇ ಇರಲಿ. ಮೈಸೂರು ಕಡೆ ಎಷ್ಟೋ ಮನೆಯಲ್ಲಿ ಅಮ್ಮ "ಸಿಟ್ ಮಾಡು" ಅನ್ನುತ್ತಾರೆ, ಅಪ್ಪ "ಕೂತ್ಕೋ" ಅನ್ನುತ್ತಾರೆ, ಅಜ್ಜಿ "ಕೂರು ಮಗಾ" ಅನ್ನುತ್ತಾರೆ. ಎರಡು ಭಾಷೆ ಕೇಳಿಕೊಂಡು ಬೆಳೆಯುವುದರಿಂದ ಮಗುವಿನ ಮಾತು ತಡ ಆಗುವುದಿಲ್ಲ, ಆ ಭಯ ಬೇಡ. ಮನೆಯಲ್ಲಿ ಉರ್ದು, ತಮಿಳು, ತೆಲುಗು ಇದ್ದರೂ ಮಾತಾಡಿ. ಆದರೆ ಒಂದು ಕೆಲಸ ಹೊಸದಾಗಿ ಕಲಿಸುವ ವಾರಗಳಲ್ಲಿ ಅದಕ್ಕೆ ಮನೆಮಂದಿ ಎಲ್ಲ ಒಂದೇ ಪದ ಹಿಡಿದುಕೊಂಡರೆ ಬೇಗ ಬರುತ್ತದೆ. ತಾಚಿ, ಮಮ್ಮು, ಟಾಟಾ ಅನ್ನುವ ಮಕ್ಕಳ ಮಾತುಗಳೂ ಧಾರಾಳವಾಗಿ ಇರಲಿ. ಅವು ಎಳೆ ಕಿವಿಗೆ ಸುಲಭ ಅಂತಲೇ ನಮ್ಮ ಅಜ್ಜಿಯರು ಉಳಿಸಿಕೊಂಡು ಬಂದಿದ್ದಾರೆ.

ಹೊತ್ತು ಗೊತ್ತು ಮಾಡಿಕೊಳ್ಳಿ

ಗಡಿಯಾರ ಗೊತ್ತಿಲ್ಲದ ಮಗುವಿಗೆ ದಿನದ ಕ್ರಮವೇ ಗಡಿಯಾರ. ನಮ್ಮ ಅತ್ತೆ ಸಂಜೆ ದೀಪ ಹಚ್ಚುವ ಮುಂಚೆ ಮನೆ ಗುಡಿಸುತ್ತಾರೆ. ಅದನ್ನೇ ಹಿಡಿದುಕೊಂಡೆವು. ಪೊರಕೆ ಕೈಗೆ ಬಂತು ಅಂದರೆ ಆಟದ ಸಾಮಾನು ಬುಟ್ಟಿಗೆ ಹೋಗಬೇಕು. ಮೊದಲ ವಾರ ನಾನೇ ಎಲ್ಲ ಹಾಕಿದೆ, ಅವನ ಕೈಗೆ ಕೊನೆಯದೊಂದು ಕೊಟ್ಟು "ನೀನು ಹಾಕು" ಅಂದೆ. ಬುಟ್ಟಿಗೆ ಬಿದ್ದ ಸದ್ದು ಅವನಿಗೆ ಖುಷಿ. ಆಮೇಲೆ ಕೊನೆಯ ಎರಡು, ಆಮೇಲೆ ಅರ್ಧ. ಈಗ ಅತ್ತೆ ಪೊರಕೆ ತೆಗೆದುಕೊಂಡರೆ ಯಾರೂ ಹೇಳದೆಯೇ ಟ್ರ್ಯಾಕ್ಟರ್ ಎತ್ತಿಕೊಂಡು ಹೋಗುತ್ತಾನೆ. ದಿನಾ ಅಲ್ಲ, ವಾರಕ್ಕೆ ನಾಲ್ಕು ದಿನ. ಸಾಕು.

ಕೆಲಸ ದೊಡ್ಡದಾಗಿ ಕಂಡರೆ ಮಗು ಕೈಚೆಲ್ಲುತ್ತದೆ. "ರೂಮ್ ಕ್ಲೀನ್ ಮಾಡು" ಅಂದರೆ ಅದಕ್ಕೆ ಏನೂ ಅರ್ಥ ಆಗುವುದಿಲ್ಲ. "ಕಾರ್ ಇದಕ್ಕೆ ಹಾಕು" ಅಂದರೆ ಆಗುತ್ತದೆ.

ಆಟ ನಿಲ್ಲಿಸಿ ಬರಬೇಕಾದಾಗ ಸ್ವಲ್ಪ ಮುಂಚೆ ತಿಳಿಸಿ. "ಐದು ನಿಮಿಷ" ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ. "ಇನ್ನೆರಡು ಸಲ ಜಾರು, ಆಮೇಲೆ ಮನೆಗೆ" ಅನ್ನಿ, ಎರಡು ಬೆರಳು ತೋರಿಸಿ, ಒಂದೊಂದಾಗಿ ಮಡಚಿ. ಎರಡು ಅಂದ ಮೇಲೆ ಎರಡೇ. ಪಾರ್ಕಿನಲ್ಲಿ ಅತ್ತರೂ ಪರವಾಗಿಲ್ಲ, ಎತ್ತಿಕೊಂಡು "ಇನ್ನೂ ಜಾರಬೇಕಿತ್ತು ಅಲ್ವಾ ನಿಂಗೆ" ಅಂತ ಹೇಳುತ್ತಾ ಬನ್ನಿ. ಹಸಿವಾದಾಗ, ನಿದ್ದೆ ಬಂದಾಗ ಹೊಸ ಕೆಲಸ ಯಾವುದನ್ನೂ ಹೇಳಲೇಬೇಡಿ.

"ನಿಲ್ಲು"

ಎಲ್ಲ ಮಾತಿಗಿಂತ ಮೊದಲು ಈ ಪದ ಬರಲಿ ಅಂತ ನನಗೆ ಆಸೆ. ನಮ್ಮ ಜಿಲ್ಲೆಯಲ್ಲಿ ನಾಲೆಗಳು ಜಾಸ್ತಿ, ಕಬ್ಬಿನ ಕಾಲದಲ್ಲಿ ರಸ್ತೆ ತುಂಬ ಟ್ರ್ಯಾಕ್ಟರು, ಲಾರಿ. ಇದನ್ನು ಆಟದಲ್ಲೇ ಕಲಿಸಿ. ಅಂಗಳದಲ್ಲಿ ಕೈ ಹಿಡಿದುಕೊಂಡು ನಡೆಯುತ್ತಾ ಇದ್ದಕ್ಕಿದ್ದ ಹಾಗೆ "ನಿಲ್ಲು!" ಅಂದು ನೀವೂ ಕಂಬದ ಹಾಗೆ ನಿಂತುಬಿಡಿ. ಮತ್ತೆ "ನಡಿ". ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಕೈ ಬಿಟ್ಟು ಆಡಿ, ಆಮೇಲೆ ಓಡುವಾಗ ಆಡಿ. ಅಕ್ಕನೂ ಸೇರಿಕೊಂಡರೆ ಇನ್ನೂ ಬೇಗ ಬರುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಗಳದಲ್ಲಿ ಹತ್ತಕ್ಕೆ ಹತ್ತು ಸಲ ನಿಂತ ಮಗು ಕೂಡ ನಾಲೆ ಏರಿ ಮೇಲೆ ಬಾತುಕೋಳಿ ಕಂಡರೆ ನಿಲ್ಲುವುದಿಲ್ಲ. ಈ ವಯಸ್ಸಿನಲ್ಲಿ ಮಾತನ್ನು ನಂಬಿಕೊಂಡು ಕೈ ಬಿಡಬೇಡಿ. ರಸ್ತೆ, ನೀರು, ಬೆಂಕಿ ಹತ್ತಿರ ನಿಮ್ಮ ಕೈಯೇ ಕಾವಲು. ಬಚ್ಚಲಲ್ಲಿ ಅರ್ಧ ಬಕೆಟ್ ನೀರಿದ್ದರೂ ಅಪಾಯ, ಖಾಲಿ ಮಾಡಿಡಿ ಇಲ್ಲವೇ ಬಾಗಿಲು ಹಾಕಿ.

ಮನೆಮಂದಿ ಎಲ್ಲ

ಕೂಡು ಮನೆಯಲ್ಲಿ ಮಗುವಿಗೆ ಪ್ರೀತಿ ಜಾಸ್ತಿ, ಅಪ್ಪಣೆಯೂ ಜಾಸ್ತಿ. ನಾನು "ಚೆಂಡು ಇಡು" ಅಂದೆ, ಅದೇ ಹೊತ್ತಿಗೆ ತಾತ "ಇಲ್ಲಿ ಬಾರೋ" ಅಂದರು, ಅಕ್ಕ "ನಂಗೆ ಕೊಡು" ಅಂದಳು. ಅದು ಯಾರ ಮಾತು ಕೇಳಬೇಕು? ಒಬ್ಬರು ಹೇಳುತ್ತಿರುವಾಗ ಉಳಿದವರು ಸುಮ್ಮನಿರುವುದು ಅಂತ ನಮ್ಮ ಮನೆಯಲ್ಲಿ ಮಾತಾಡಿಕೊಂಡೆವು. ಮಗುವಿನ ಮುಂದೆ ಹೇಳಲಿಲ್ಲ, ರಾತ್ರಿ ಅವನು ಮಲಗಿದ ಮೇಲೆ ಅತ್ತೆ ಜೊತೆ ಅವರೆಕಾಯಿ ಬಿಡಿಸುತ್ತಾ ಹೇಳಿದೆ. "ನೋಡಮ್ಮ, ಅವನಿಗೆ ಹೇಳಿದ ಕೆಲಸಾನ ನಾನೇ ಬೇಗ ಬೇಗ ಮಾಡಿ ಮುಗಿಸಿಬಿಡ್ತೀನಿ, ಅದೇ ತಪ್ಪು ಅಂತೀಯಾ?" ಅಂದರು. ತಪ್ಪೇನಿಲ್ಲ ಅತ್ತೆ, ಅವನು ಹೊರಟಿರುವಾಗ ಸ್ವಲ್ಪ ಕಾಯೋಣ ಅಂದೆ. ಮಾರನೇ ದಿನದಿಂದ ಅವರು ನನಗಿಂತ ಚೆನ್ನಾಗಿ ಕಾಯುತ್ತಾರೆ.

"ಗುಮ್ಮ ಬರ್ತಾನೆ", "ಪೊಲೀಸ್‌ನೋರು ಹಿಡ್ಕೊಂಡು ಹೋಗ್ತಾರೆ", "ಡಾಕ್ಟರ್ ಸೂಜಿ ಚುಚ್ತಾರೆ" ಇವು ದಯವಿಟ್ಟು ಬೇಡ. ಆ ಹೊತ್ತಿಗೆ ಮಗು ಸುಮ್ಮನಾಗಬಹುದು, ಆದರೆ ಅದು ಕಲಿತದ್ದು ಹೆದರಿಕೆ, "ಕೂತ್ಕೋ" ಅನ್ನುವ ಪದವನ್ನಲ್ಲ. ಆಮೇಲೆ ಲಸಿಕೆಗೆ ಕರೆದುಕೊಂಡು ಹೋದಾಗ ಬಾಗಿಲಲ್ಲೇ ಚೀರುತ್ತದೆ. ಹೊಡೆಯುವುದೂ ಬೇಡ. ಎರಡು ವರ್ಷದ ಮಗುವಿಗೆ ಹೊಡೆದರೆ ನೋವು ನೆನಪಿರುತ್ತದೆ, ಯಾಕೆ ಬಿತ್ತು ಅನ್ನುವುದು ನೆನಪಿರುವುದಿಲ್ಲ.

ಅರ್ಥ ಆಗಿಯೂ ಮಾಡದಿರುವುದು ಇದೆ, ಅದು ಬೇರೆ. ಎರಡು ವರ್ಷ ದಾಟುತ್ತಿದ್ದ ಹಾಗೆ "ಊಹ್ಞೂಂ, ನಾನೇ" ಶುರುವಾಗುತ್ತದೆ. ನಾನೂ ಒಬ್ಬ ಮನುಷ್ಯ ಅಂತ ಮಗುವಿಗೆ ಗೊತ್ತಾಗುವ ಕಾಲ ಅದು. ಜಗಳಕ್ಕೆ ನಿಲ್ಲಬೇಡಿ. "ನೀನೇ ಹಾಕ್ಕೋತೀಯಾ? ಹಾಕ್ಕೋ" ಅಂತ ಚಪ್ಪಲಿ ಮುಂದಿಟ್ಟು ಕಾಯಿರಿ, ಎಡಗಾಲಿಂದು ಬಲಗಾಲಿಗೆ ಹೋದರೂ ಹೋಗಲಿ.

ಮಾಡಿದಾಗ ಏನು ಮಾಡಿತು ಅಂತ ಹೇಳಿ. ಬರೀ "ಗುಡ್ ಬಾಯ್" ಅಂದರೆ ಯಾವುದಕ್ಕೆ ಅಂತ ಅದಕ್ಕೆ ತಿಳಿಯದು. "ತಾತನಿಗೆ ಕನ್ನಡಕ ತಂದುಕೊಟ್ಟೆ, ತಾತ ಈಗ ಪೇಪರ್ ಓದ್ತಾರೆ" ಅನ್ನಿ. ಚಾಕೊಲೇಟು, ಮೊಬೈಲು ಆಸೆ ತೋರಿಸಿ ಮಾಡಿಸಿದರೆ ಮುಂದಿನ ಸಲ ಮೊದಲು ಅದನ್ನೇ ಕೇಳುತ್ತದೆ.

ಎರಡು ಕೆಲಸ ಸೇರಿಸುವುದು

ಒಂದು ಮಾತು ಸಲೀಸಾದ ಮೇಲೆ, ಎರಡು ವರ್ಷ ದಾಟಿದ ಮೇಲೆ, ಎರಡನ್ನು ಜೋಡಿಸಿ. ಎರಡೂ ಅದಕ್ಕೆ ಮೊದಲೇ ಬರುವ ಕೆಲಸ ಆಗಿರಬೇಕು, ಒಂದರ ಹಿಂದೆ ಒಂದು ತಾನಾಗೇ ಬರುವಂಥವೂ ಆಗಿರಬೇಕು. "ಲೋಟ ಇಟ್ಟು ಬಾ." "ಚಪ್ಪಲಿ ಬಿಟ್ಟು ಒಳಗೆ ಬಾ." ಆಗ ಬೇಡ ಅಂದ ಪೋಣಿಸುವಿಕೆ ಈಗ ಬೇಕು, ಆದರೆ ಎರಡೇ ಮಣಿ. "ಮೊದಲು" ಅಂತ ಒಂದು ಬೆರಳು, "ಆಮೇಲೆ" ಅಂತ ಎರಡನೇ ಬೆರಳು ತೋರಿಸಿ. ಒಳಗೆ, ಮೇಲೆ, ಕೆಳಗೆ ಅನ್ನುವ ಪದಗಳನ್ನು ಒಂದು ಡಬ್ಬಿ ಒಂದು ಚಮಚ ಇಟ್ಟುಕೊಂಡು ಆಟದಲ್ಲಿ ಹೇಳಿಕೊಡಿ. "ಒಳಗೆ" ಬೇಗ ಬರುತ್ತದೆ, "ಹಿಂದೆ", "ಪಕ್ಕ" ತಡ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತು ನಿಂತರೆ ಬೈಯಬೇಡಿ. "ಚಪ್ಪಲಿ ಬಿಟ್ಟೆ. ಆಮೇಲೆ?" ಅಂತ ಕೇಳಿ ಕಾಯಿರಿ.

ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ಈ ವಾರಕ್ಕೆ "ಕೊಡು", "ಬಾ" ಎರಡೇ ಸಾಕು. ಅವು ಬಂದ ಮೇಲೆ "ಹಾಕು", "ಇಡು".

ಮೊನ್ನೆ ಭಾನುವಾರ ಅತ್ತೆ ಬಸ್ಸಾರಿಗೆ ಒಗ್ಗರಣೆ ಇಡುತ್ತಿದ್ದರು. ಒಲೆ ಸಣ್ಣ ಮಾಡಿ, ಬಂದು ಅವನ ಮುಂದೆ ಕೂತು, "ಮಗಾ, ಹಿತ್ತಲಿಗೆ ಹೋಗಿ ಕರಿಬೇವು ಕಿತ್ಕೊಂಡು ಬಾ" ಅಂದರು. ಅವನು ಹೊರಟ. ನಾನು ಹಿತ್ತಲ ಬಾಗಿಲಲ್ಲಿ ನಿಂತುಕೊಂಡು ನೋಡುತ್ತಿದ್ದೆ. ಗಿಡದ ಹತ್ತಿರ ಹೋಗಿ ಸುಮಾರು ಹೊತ್ತು ನಿಂತ, ಇರುವೆ ನೋಡಿದ, ಮತ್ತೆ ಗಿಡ ನೋಡಿದ. ಆಮೇಲೆ ಕಿತ್ತು, ಮುಷ್ಟಿ ಬಿಗಿ ಮಾಡಿಕೊಂಡು ಬಂದು ಅಜ್ಜಿ ಮುಂದೆ ಕೈ ಬಿಡಿಸಿದ. ಒಂದೇ ಒಂದು ಎಲೆ. ಅತ್ತೆ ಅದನ್ನು ತೊಳೆದು, ಅವನನ್ನು ನಾನು ಎತ್ತಿಕೊಳ್ಳುವ ತನಕ ಕಾದು, ಅವನಿಗೆ ಕಾಣುವ ಹಾಗೆ ಎಣ್ಣೆಗೆ ಹಾಕಿದರು.